ಭರಣಿ ಮಳೆಗೆ ಮುನ್ನ ಸೂರು ಬಿಗಿಸುವ ವಿಚಾರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸ್ತ್ರೀಶಕ್ತಿ ಹಾಗೂ ಇತರ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಬಹಿರಂಗ ಪತ್ರ



ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ, ಅವುಗಳಿಂದ ಈಚೆಗೆ ಬೇರೆಯಾದ ಸಾಲಿಗ್ರಾಮ ಮತ್ತು ಸರಗೂರು ಸೀಮೆಗಳಲ್ಲಿಯೂ, ಯುಗಾದಿ ಕಳೆದ ಮೇಲೆ ಮೃಗಶಿರಾ ಮಳೆ ಹಿಡಿಯುವವರೆಗಿನ ಎರಡು ತಿಂಗಳಲ್ಲಿ ಎಲ್ಲಿಯೂ ಮನೆಯ ಶೀಟು ಹಾರದ, ಬಾಳೆತೋಟ ಮಲಗದ, ವಿದ್ಯುತ್ ಕಂಬ ಮುರಿಯದ ವರ್ಷವನ್ನು ನೆನಪಿಸಿಕೊಳ್ಳುವುದು ಕಷ್ಟ. ಹೀಗಿದ್ದರೂ ಪ್ರತಿ ಸಲವೂ ಆ ಹಾನಿ ಯಾರೂ ಎಣಿಸದಿದ್ದ ಆಕಸ್ಮಿಕವೆಂಬಂತೆ ವರದಿಯಾಗುತ್ತದೆ, ಗ್ರಾಮ ಆಡಳಿತ ಅಧಿಕಾರಿ ಬಂದು ಪಟ್ಟಿ ಬರೆದುಕೊಳ್ಳುತ್ತಾರೆ, ಮನೆಯವರು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಾರೆ, ಮುಂದಿನ ಚೈತ್ರದ ಹೊತ್ತಿಗೆ ಎಲ್ಲವೂ ಮರೆತುಹೋಗಿರುತ್ತದೆ. ಬರುವ ತಿಂಗಳು, ಬೀಸುವ ವೇಳೆ, ಪೆಟ್ಟು ಬೀಳುವ ಜಾಗ ಮೂರೂ ಗೊತ್ತಿರುವ ಒಂದು ವಿದ್ಯಮಾನವನ್ನು ಆಕಸ್ಮಿಕವೆಂದು ಕರೆಯುವುದು ಸರಿಯಲ್ಲ. ಬಿತ್ತನೆಯ ರಾಗಿಯನ್ನು ತೆಗೆದಿರಿಸುವುದೂ ಹೊಗೆಸೊಪ್ಪಿನ ಸಸಿಮಡಿ ಹಾಕುವುದೂ ಬೇಸಿಗೆಯ ಕೆಲಸಗಳಾಗಿರುವಂತೆ ಮನೆಯ ಸೂರನ್ನು ಬಿಗಿಸುವುದೂ ಅದೇ ಬೇಸಿಗೆಯ ಕೆಲಸವೆಂಬುದು ಈ ಪತ್ರದ ವಾದ.

ಈ ವಾದವನ್ನು ಪಂಚಾಯಿತಿಗಾಗಲಿ ತಹಶೀಲ್ದಾರರ ಕಚೇರಿಗಾಗಲಿ ಬರೆಯದೆ ಸಂಘಗಳ ಸದಸ್ಯೆಯರಿಗೆ ಬರೆಯುವುದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದಂದಿನಿಂದ ಹಳ್ಳಿಯಲ್ಲಿ ತಪ್ಪದೆ ಸಭೆ ಸೇರುವ, ಉಳಿತಾಯದ ಹಣ ಕೈಯಲ್ಲಿರುವ, ಯಾರ ಮನೆಯ ಗೋಡೆ ಬಿರುಕು ಬಿಟ್ಟಿದೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ ಎಂಬುದನ್ನು ಕಡತ ನೋಡದೆಯೇ ಬಲ್ಲ ಸಂಸ್ಥೆ ಇವುಗಳ ಹೊರತು ಮತ್ತೊಂದಿಲ್ಲ. ಮಧ್ಯಾಹ್ನ ಮೂರರ ಮೇಲೆ ಗಾಳಿಯೆದ್ದಾಗ ಮನೆಯಲ್ಲಿ ಅಥವಾ ಹೊಲದಲ್ಲಿ ಇರುವವರೂ ಬಹುಮಟ್ಟಿಗೆ ಈ ಸದಸ್ಯೆಯರೇ.

ಮೊದಲು ಈ ಗಾಳಿಯ ಸ್ವರೂಪವನ್ನು ತಿಳಿಯಬೇಕು. ಸಮುದ್ರದ ಮೇಲೆ ಹುಟ್ಟಿ ದಿನಗಟ್ಟಲೆ ಸುತ್ತುತ್ತ ಸಾಗುವ ಚಂಡಮಾರುತ ತನ್ನ ಪೂರ್ಣ ಬಲದೊಂದಿಗೆ ಈ ಸೀಮೆಗೆ ಬರುವುದಿಲ್ಲ. ಅರಬ್ಬೀ ಸಮುದ್ರಕ್ಕೂ ಇಲ್ಲಿಗೂ ನಡುವೆ ಪಶ್ಚಿಮ ಘಟ್ಟವಿದೆ, ಬಂಗಾಳ ಕೊಲ್ಲಿಗೂ ಇಲ್ಲಿಗೂ ನಡುವೆ ಇಡೀ ತಮಿಳುನಾಡಿನ ಅಗಲವಿದೆ. ಇಲ್ಲಿಗೆ ಬರುವುದು ಮುಂಗಾರು ಪೂರ್ವದ ಗುಡುಗುಮಳೆಯ ಗಾಳಿ. ಬೇಸಿಗೆಯ ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿ ಕಡಲಿನ ಕಡೆಯಿಂದ ಬರುವ ತೇವವನ್ನು ಹೊತ್ತು ಮೇಲೇರಿ, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದವರೆಗೂ ಬೆಳೆಯುವ ರಾಶಿಮೋಡವಾಗುತ್ತದೆ; ಆ ಮೋಡದೊಳಗೆ ಮಳೆಹನಿಯೂ ಆಲಿಕಲ್ಲೂ ಕೆಳಕ್ಕೆ ಬೀಳತೊಡಗಿದಾಗ ತಂಪಾಗಿ ಭಾರವಾದ ಗಾಳಿ ಅವುಗಳ ಜೊತೆಯಲ್ಲಿಯೇ ರಭಸದಿಂದ ಇಳಿದು, ನೆಲಕ್ಕೆ ಬಡಿದು, ಎಲ್ಲ ದಿಕ್ಕಿಗೂ ಹರಡುತ್ತದೆ. ಮಳೆಗಿಂತ ಮೊದಲು ಧೂಳೆಬ್ಬಿಸಿಕೊಂಡು ಬರುವ ಆ ತಣ್ಣನೆಯ ಗಾಳಿಯೇ ಹೆಂಚು ಹಾರಿಸುವ ಗಾಳಿ. ಗಾಳಿಯ ವೇಗ ಇದ್ದಕ್ಕಿದ್ದಂತೆ ಏರಿ, ಗಂಟೆಗೆ 40 ಕಿಲೋಮೀಟರ್ ಮೀರಿ, ಕನಿಷ್ಠ ಒಂದು ನಿಮಿಷವಾದರೂ ನಿಂತರೆ ಹವಾಮಾನ ಶಾಸ್ತ್ರದಲ್ಲಿ ಅದು ಬಿರುಗಾಳಿ ಎನಿಸಿಕೊಳ್ಳುತ್ತದೆ. ಚಂಡಮಾರುತದ ಸುದ್ದಿ ಎರಡು ಮೂರು ದಿನ ಮೊದಲೇ ತಿಳಿಯುತ್ತದೆ. ಈ ಬಿರುಗಾಳಿ ಕೊಡುವ ಕಾಲಾವಕಾಶ ಒಂದೆರಡು ಗಂಟೆ, ಹಲವು ಸಲ ಅರ್ಧ ಗಂಟೆ ಮಾತ್ರ. ಆದ್ದರಿಂದ ಇದಕ್ಕೆ ಸಿದ್ಧತೆ ಮೋಡ ಕಂಡ ಮೇಲೆ ಆಗುವಂಥದಲ್ಲ.

ಕಾಲದ ಲೆಕ್ಕ ರೈತಾಪಿ ಮನೆಗಳಿಗೆ ಹೊಸದಲ್ಲ. ಏಪ್ರಿಲ್ ಮಧ್ಯಭಾಗದ ಅಶ್ವಿನಿ, 27ರ ಸುಮಾರಿಗೆ ಹುಟ್ಟುವ ಭರಣಿ, ಮೇ 11ರ ಸುಮಾರಿನ ಕೃತ್ತಿಕಾ, ಅದರ ನಂತರದ ರೋಹಿಣಿ ಈ ನಾಲ್ಕು ಮಳೆಗಳಲ್ಲಿಯೇ ಗಾಳಿಯ ಹಾವಳಿ ಹೆಚ್ಚು. ಆದರೆ ಈ ಲೆಕ್ಕವನ್ನೂ ತೀರ ನೆಚ್ಚುವಂತಿಲ್ಲ. 2025ರಲ್ಲಿ ನೈಋತ್ಯ ಮುಂಗಾರು ವಾಡಿಕೆಯ ಜೂನ್ 1ರ ಬದಲು ಮೇ 24ಕ್ಕೇ ಕೇರಳವನ್ನು ಮುಟ್ಟಿದ್ದರಿಂದ ಬೇಸಿಗೆ ಮಳೆಗೂ ಮುಂಗಾರಿಗೂ ನಡುವೆ ರಿಪೇರಿಗೆಂದು ಸಿಗುತ್ತಿದ್ದ ಬಿಡುವು ಇಲ್ಲವಾಯಿತು. ಸೂರಿನ ಕೆಲಸವನ್ನು ಮಾರ್ಚ್ ಕೊನೆಯೊಳಗೆ ಮುಗಿಸಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಗಾಳಿಯ ಬಲದ ಬಗೆಗೂ ಒಂದು ಅಳತೆ ಇರಬೇಕು. ಕಟ್ಟಡಗಳ ಮೇಲಿನ ಗಾಳಿಯ ಒತ್ತಡವನ್ನು ಕುರಿತ ಭಾರತೀಯ ಮಾನಕ, ಅಂದರೆ ಎಂಜಿನಿಯರುಗಳು ಅನುಸರಿಸುವ ಐಎಸ್ 875ರ ಮೂರನೆಯ ಭಾಗ, ದೇಶವನ್ನು ಆರು ವಲಯಗಳಾಗಿ ವಿಂಗಡಿಸುತ್ತದೆ. ದಕ್ಷಿಣ ಒಳನಾಡು ಇರುವುದು ಅವುಗಳಲ್ಲಿ ಅತ್ಯಂತ ಸೌಮ್ಯವೆನಿಸಿದ, ಸೆಕೆಂಡಿಗೆ 33 ಮೀಟರ್ ವೇಗದ ವಲಯದಲ್ಲಿ. ಸೌಮ್ಯವೆಂದರೂ ಅದು ಗಂಟೆಗೆ ಸುಮಾರು 119 ಕಿಲೋಮೀಟರ್ ಆಗುತ್ತದೆ. ಅಟ್ಲಾಂಟಿಕ್ ಸಾಗರದ ಕಡೆಯ ದೇಶಗಳಲ್ಲಿ ಚಂಡಮಾರುತವನ್ನು ಹರಿಕೇನ್ ಎಂದು ಕರೆಯಲು ಆರಂಭಿಸುವುದೂ ಹೆಚ್ಚುಕಡಿಮೆ ಈ ವೇಗದಿಂದಲೇ. ವ್ಯತ್ಯಾಸವೇನೆಂದರೆ ಅಲ್ಲಿನದು ನಿರಂತರವಾಗಿ ಬೀಸುವ ಗಾಳಿಯ ಸರಾಸರಿ, ಇಲ್ಲಿನದು ಮೂರು ಸೆಕೆಂಡಿನ ಒಂದು ಬೀಸು, ಅದೂ ಅಪರೂಪಕ್ಕೆ ಬರುವಂಥದು. ಆದರೆ ಒಂದು ಶೀಟನ್ನು ಕಿತ್ತೊಗೆಯಲು ಮೂರು ಸೆಕೆಂಡು ಧಾರಾಳವಾಗಿ ಸಾಕು.

ಈಗ ಸೂರಿನ ವಿಚಾರ. ಗಾಳಿ ಮಾಡನ್ನು ಮೇಲಿನಿಂದ ಒತ್ತುತ್ತದೆ ಎಂಬ ನಂಬಿಕೆ ಊರೆಲ್ಲ ಹರಡಿದೆ. ನಿಜದಲ್ಲಿ ಇಳಿಜಾರು ಕಡಿಮೆಯಿರುವ ಶೀಟಿನ ಮಾಡಿನ ಮೇಲೆ ಹಾದುಹೋಗುವ ಗಾಳಿ ಅದನ್ನು ಮೇಲಕ್ಕೆ ಸೆಳೆಯುತ್ತದೆ, ಆ ಸೆಳೆತ ಸೂರಂಚಿನಲ್ಲಿಯೂ ಮೂಲೆಗಳಲ್ಲಿಯೂ ಎಲ್ಲಕ್ಕಿಂತ ಹೆಚ್ಚು. ಗಂಟೆಗೆ 90 ಕಿಲೋಮೀಟರ್ ವೇಗದ ಬೀಸಿನಲ್ಲಿ ಪ್ರತಿ ಚದರ ಮೀಟರಿಗೆ ಬೀಳುವ ಒತ್ತಡ ಸುಮಾರು 38 ಕಿಲೋಗ್ರಾಂ ತೂಕಕ್ಕೆ ಸಮ. ಹತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ತಗಡಿನ ವಿಸ್ತೀರ್ಣ ಮೂರು ಚದರ ಮೀಟರಿಗಿಂತ ತುಸು ಹೆಚ್ಚು. ಹಾಗಾಗಿ ಅಂಚಿನ ತಗಡೊಂದನ್ನು ಮೇಲೆತ್ತುವ ಬಲ 120 ಕಿಲೋಗ್ರಾಂ ಮುಟ್ಟಬಹುದು, ಅರ್ಧ ಮಿಲಿಮೀಟರ್ ದಪ್ಪದ ಆ ತಗಡಿನ ಸ್ವಂತ ತೂಕವಾದರೋ 15 ಕಿಲೋಗ್ರಾಮಿನ ಆಸುಪಾಸು. ಗಾಳಿಯ ವೇಗ ಇಮ್ಮಡಿಸಿದರೆ ಒತ್ತಡ ನಾಲ್ಕು ಮಡಿಯಾಗುತ್ತದೆಂಬುದನ್ನು ಇದರ ಜೊತೆಗೆ ಸೇರಿಸಿಕೊಂಡರೆ, ಹತ್ತು ವರ್ಷ ಅಲುಗದೆ ಇದ್ದ ಮಾಡು ಒಂದು ಸಂಜೆ ಪಕ್ಕದ ಹೊಲದಲ್ಲಿ ಬಿದ್ದಿರುವುದೇಕೆಂಬುದು ಅರ್ಥವಾಗುತ್ತದೆ.

ಹಳ್ಳಿಗಳಲ್ಲಿ ಇದಕ್ಕೆ ಕಂಡುಕೊಂಡಿರುವ ಪರಿಹಾರವೆಂದರೆ ಶೀಟಿನ ಮೇಲೆ ಕಲ್ಲು ಹೇರುವುದು. ಹನಗೋಡಿನಿಂದ ಅಂತರಸಂತೆಯವರೆಗೆ ಯಾವ ರಸ್ತೆಯಲ್ಲಿ ಹೋದರೂ ದಪ್ಪ ಗುಂಡುಕಲ್ಲು, ಒಡೆದ ಇಟ್ಟಿಗೆ, ಮರಳಿನ ಚೀಲ, ಹಳೆಯ ಟೈರು ಹೊತ್ತ ಮಾಡುಗಳು ಸಾಲಾಗಿ ಕಾಣುತ್ತವೆ. ಹತ್ತು ಕಿಲೋ ತೂಕದ ನಾಲ್ಕು ಕಲ್ಲನ್ನು ಒಂದು ಶೀಟಿನ ಮೇಲಿಟ್ಟರೂ ಮೇಲೆ ಹೇಳಿದ ಬಲದ ಅರ್ಧಕ್ಕೂ ಅವು ಸಾಟಿಯಾಗುವುದಿಲ್ಲ. ಶೀಟು ಎದ್ದ ಗಳಿಗೆಯಲ್ಲಿ ಅವೇ ಕಲ್ಲುಗಳು ಉರುಳಿ ಒಳಗೆ ಮಲಗಿರುವ ಮಗುವಿನ ಮೇಲೆ ಅಥವಾ ಅಂಗಳದಲ್ಲಿ ಕಟ್ಟಿರುವ ಹಸುವಿನ ಮೇಲೆ ಬೀಳುತ್ತವೆ. ಸಿಮೆಂಟ್ ಶೀಟಿನ ಮೇಲಿಟ್ಟ ಕಲ್ಲು ಬಿಸಿಲು ಮಳೆಗೆ ಶೀಟನ್ನೇ ಸೀಳಿಸುವುದೂ ಉಂಟು. ಕಲ್ಲನ್ನು ಇಳಿಸಿ, ಶೀಟನ್ನು ಕೆಳಗಿನ ಪೈಪಿಗೋ ಮರದ ರೀಪಿಗೋ ಕಚ್ಚಿ ಹಿಡಿಯುವ ಕೊಕ್ಕೆಗಳಿಂದ, ಅಂದರೆ ಅಂಗಡಿಗಳಲ್ಲಿ ಜೆ ಹುಕ್ಕು ಎಂದು ಮಾರುವ ಬೋಲ್ಟುಗಳಿಂದ ಬಿಗಿಸುವುದೇ ಸರಿಯಾದ ಉಪಾಯ. ಶೀಟಿನ ಅಲೆಯ ತಗ್ಗಿನಲ್ಲಿ ತೂತು ಕೊರೆದರೆ ನೀರು ಸೋರುವುದರಿಂದ ದಿಬ್ಬದಲ್ಲಿಯೇ ಕೊರೆದು, ರಬ್ಬರು ಅಥವಾ ಡಾಂಬರು ವಾಷರ್ ಹಾಕಿ, ಮಾಡಿನ ನಡುವೆ ಎರಡು ಅಲೆಗೆ ಒಂದರಂತೆ ಕೊಕ್ಕೆ ಹಾಕುವಲ್ಲಿ ಸೂರಂಚಿನ ಸಾಲಿಗೂ ಎರಡು ತುದಿಗಳಿಗೂ ಪ್ರತಿ ಅಲೆಗೆ ಒಂದನ್ನು ಹಾಕಬೇಕು. ಮೊದಲು ಕೀಳುವುದು ಅಂಚು. ಅಂಚು ನಿಂತರೆ ಉಳಿದುದೂ ನಿಲ್ಲುತ್ತದೆ.

ಶೀಟು ಪೈಪನ್ನು ಹಿಡಿದುಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಪೈಪು ಗೋಡೆಯ ಮೇಲೆ ಸುಮ್ಮನೆ ಕುಳಿತಿದ್ದರೆ ಶೀಟು ಪೈಪು ಎರಡೂ ಒಟ್ಟಿಗೆ ಹಾರುತ್ತವೆ, ಅದು ಇನ್ನೂ ಅಪಾಯ. ಪೈಪನ್ನು ಗೋಡೆಯೊಳಗೆ ಎರಡು ಮೂರು ಅಡಿ ಆಳಕ್ಕೆ ಹೂತ ಕಬ್ಬಿಣದ ಸರಳಿಗೋ ಪಟ್ಟಿಗೋ ಕಟ್ಟಬೇಕು. ಮಣ್ಣಿನ ಗೋಡೆಯಾದರೆ ದಪ್ಪ ತಂತಿಯನ್ನು ತೊಲೆಯ ಮೇಲಿಂದ ಇಳಿಸಿ, ಗೋಡೆಯ ಹೊರಗೆ ನೆಲದಲ್ಲಿ ಹೂತ ಕಲ್ಲುಕಂಬಕ್ಕೆ ಬಿಗಿಯಬೇಕು. ಮನೆಯ ಮುಂದಿನ ಜಗಲಿಗೆ ಇಳಿಸಿದ ಚಾವಣಿಯನ್ನು ಮನೆಯ ದೊಡ್ಡ ಮಾಡಿಗೆ ಸೇರಿಸದೆ ಪ್ರತ್ಯೇಕವಾಗಿಯೇ ಕಟ್ಟುವುದು ಲೇಸು, ಏಕೆಂದರೆ ಮೂರು ಕಡೆ ತೆರೆದಿರುವ ಅದು ಕೆಳಗಿನಿಂದಲೂ ಗಾಳಿ ತುಂಬಿಕೊಂಡು ಎಲ್ಲಕ್ಕಿಂತ ಮೊದಲು ಹಾರುತ್ತದೆ, ಹಾರುವಾಗ ಮನೆಯ ಮಾಡನ್ನೂ ಎಳೆದುಕೊಂಡು ಹೋಗುತ್ತದೆ. ಮಂಗಳೂರು ಹೆಂಚಿನ ಮನೆಗಳಲ್ಲಿ ಸೂರಿನ ಮೊದಲ ಎರಡು ಸಾಲುಗಳನ್ನೂ ತುದಿಯ ಸಾಲುಗಳನ್ನೂ ತಂತಿಯಿಂದ ರೀಪಿಗೆ ಕಟ್ಟಿದರೆ ಸಾಕಷ್ಟು ರಕ್ಷಣೆಯಾಗುತ್ತದೆ; ಹೆಂಚಿನ ಕೆಳಮೈಯಲ್ಲಿ ತೂತಿರುವ ಒಂದು ಗುಬುಟನ್ನು ಕಾರ್ಖಾನೆಯವರು ಬಿಟ್ಟಿರುವುದೇ ಇದಕ್ಕೆ, ಆದರೆ ಅದರಲ್ಲಿ ತಂತಿ ಪೋಣಿಸಿದ ಮನೆಗಳು ವಿರಳ.

ಬಿರುಗಾಳಿಯ ಹೊತ್ತಿನಲ್ಲಿ ಗಾಳಿ ಆಡಲೆಂದು ಬಾಗಿಲು ಕಿಟಕಿ ತೆರೆದಿಡಬೇಕೆಂಬ ಮಾತೂ ಚಾಲ್ತಿಯಲ್ಲಿದೆ. ಅದು ತಪ್ಪು. ಗಾಳಿ ಬೀಸುವ ಕಡೆಯ ಬಾಗಿಲು ತೆರೆದಿದ್ದರೆ ಒಳನುಗ್ಗಿದ ಗಾಳಿ ಮಾಡನ್ನು ಒಳಗಿನಿಂದ ನೂಕುತ್ತದೆ, ಹೊರಗಿನ ಸೆಳೆತಕ್ಕೆ ಇದೂ ಸೇರುತ್ತದೆ. ಇದರ ಅತ್ಯಂತ ಸ್ಪಷ್ಟ ನಿದರ್ಶನ ಹೊಗೆಸೊಪ್ಪಿನ ಬ್ಯಾರನ್, ಅಂದರೆ ಹಸಿ ಎಲೆಯನ್ನು ಕೋಲಿಗೆ ಕಟ್ಟಿ ತೂಗುಹಾಕಿ ಬಿಸಿಗಾಳಿಯಲ್ಲಿ ಹದಗೊಳಿಸುವ ಎತ್ತರದ ಮನೆ. ಪಿರಿಯಾಪಟ್ಟಣ ಮತ್ತು ಹುಣಸೂರು ಸೀಮೆಯ ಊರುಗಳಲ್ಲಿ ವಾಸದ ಮನೆಗಿಂತ ಬ್ಯಾರನ್ ಎತ್ತರ. ಏಪ್ರಿಲ್ ಮೇ ತಿಂಗಳಲ್ಲಿ ಅದು ಬರಿದಾಗಿದ್ದು, ಮಾಡಿನ ಗಾಳಿಕಿಂಡಿಯೂ ಕೆಳಗಿನ ಬಾಗಿಲೂ ತೆರೆದೇ ಇರುತ್ತವೆ, ಯಾರೂ ಅತ್ತ ನೋಡುವುದಿಲ್ಲ. ಜುಲೈಯಲ್ಲಿ ಸೊಪ್ಪು ಮುರಿಯುವ ಹೊತ್ತಿಗೆ ಮಾಡಿಲ್ಲದ ಬ್ಯಾರನ್ನಿನ ಮುಂದೆ ನಿಂತು ಶೀಟಿಗೂ ಬಡಗಿಗೂ ಪರದಾಡುವುದಕ್ಕಿಂತ, ಹಿಂದಿನ ಬೆಳೆಯ ಕೊನೆಯ ಸೊಪ್ಪು ಇಳಿಸಿದ ದಿನವೇ ಕಿಂಡಿ ಬಾಗಿಲು ಭದ್ರಪಡಿಸಿ ಕೊಕ್ಕೆಗಳನ್ನು ಬಿಗಿಸುವುದು ಮೇಲು. ಬಾಳೆಯ ವಿಷಯದಲ್ಲಿ ಹೇಳಬೇಕಾದುದು ಕಡಿಮೆ: ಗೊನೆ ಹೊತ್ತ ಗಿಡಕ್ಕೆ ಊರುಗೋಲು ಕೊಡುವುದು, ತೋಟದ ಗಾಳಿ ದಿಕ್ಕಿಗೆ ಸರ್ವೆ ಅಥವಾ ಸಿಲ್ವರ್ ಮರದ ಸಾಲು ಬೆಳೆಸುವುದು ಬೆಳೆಯುವವರಿಗೆ ಗೊತ್ತಿರುವ ಸಂಗತಿ. ಶುಂಠಿ ಹೊಲಗಳಲ್ಲಿ ಟಾರ್ಪಾಲಿನ ಗುಡಾರ ಹಾಕಿಕೊಂಡಿರುವ ಕೂಲಿಯವರನ್ನು ಗಾಳಿಯ ಸಂಜೆ ಶಾಲೆಯ ಕಟ್ಟಡಕ್ಕೆ ಕರೆಯುವುದು ಮಾತ್ರ ಯಾರ ಹೊಣೆಯೂ ಅಲ್ಲವೆಂಬಂತಾಗಿದೆ.

ಮನೆಗೆ ಒರಗಿ ಬೆಳೆದ ಮರಗಳನ್ನೂ ಇದೇ ಕಾಲದಲ್ಲಿ ನೋಡಬೇಕು. ಇಡೀ ಮರವನ್ನು ಕಡಿಯುವುದು ಬೇಕಿಲ್ಲ. ಒಣಗಿದ ಕೊಂಬೆ, ಮಾಡಿನ ಮೇಲೆ ಚಾಚಿದ ಕೊಂಬೆ, ಬುಡ ಟೊಳ್ಳಾದ ನುಗ್ಗೆ ಮತ್ತು ಸುಳಿ ಸತ್ತ ತೆಂಗು ಇವುಗಳನ್ನು ತೆಗೆದರೆ ಸಾಕು. ರಸ್ತೆ ಬದಿಯ ಸಾಲುಮರವಾದರೆ ಅರಣ್ಯ ಇಲಾಖೆಗೂ, ತಂತಿಗೆ ತಗಲುವ ಕೊಂಬೆಯಾದರೆ ಚೆಸ್ಕಾಂಗೂ, ಅಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೂ, ಸಂಘದ ಹೆಸರಿನಲ್ಲಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಬೇಕು.

ಗಾಳಿ ಹೆಚ್ಚಾಗಿ ಆಸ್ತಿಗೆ ಹಾನಿ ಮಾಡುತ್ತದೆ. ಜೀವ ತೆಗೆಯುವುದರಲ್ಲಿ ಸಿಡಿಲಿನದೇ ದೊಡ್ಡ ಪಾಲು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಪ್ರಕೃತಿ ವಿಕೋಪಗಳಿಗೆ ಬಲಿಯಾದ 8,060 ಜನರಲ್ಲಿ 2,887 ಮಂದಿ ಸಿಡಿಲಿಗೆ ಸಿಕ್ಕಿ ಸತ್ತವರು. ಪ್ರವಾಹದ ಚಿತ್ರಗಳೇ ಪತ್ರಿಕೆಗಳನ್ನು ತುಂಬುವ ದೇಶದಲ್ಲಿ ಈ ಸಂಖ್ಯೆ ತಕ್ಕಷ್ಟು ಗಮನ ಪಡೆದಿಲ್ಲ. ಹೊಗೆಸೊಪ್ಪಿನ ಸಸಿ ನಾಟಿ ಭರಣಿ, ಕೃತ್ತಿಕಾ ಮಳೆಗಳ ಹದದಲ್ಲಿಯೇ ನಡೆಯುವುದರಿಂದ, ಬಯಲು ಹೊಲದಲ್ಲಿ ಸಾಲಾಗಿ ಬಗ್ಗಿ ನಿಂತ ಹೆಂಗಸರ ಗುಂಪುಗಳು ಗುಡುಗು ಹುಟ್ಟುವ ಹೊತ್ತಿಗೇ ಹೊರಗಿರುತ್ತವೆ ಎಂಬುದು ಈ ತಾಲ್ಲೂಕುಗಳ ವಿಶೇಷ ಅಪಾಯ. ಮಳೆ ಶುರುವಾದೊಡನೆ ಹೊಲದ ನಡುವಿನ ಒಂಟಿ ಹುಣಸೆಯ ಅಡಿಗೆ ಓಡುವುದು ಸಹಜ ಪ್ರವೃತ್ತಿ, ಆದರೆ ಸಿಡಿಲು ಹುಡುಕುವುದು ಬಯಲಿನಲ್ಲಿ ಎತ್ತರವಾಗಿರುವುದನ್ನೇ. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದ ಮೈಗೆ ಹಾರಬಲ್ಲದು, ಬೇರಿನ ಸುತ್ತಲಿನ ನೆಲದಲ್ಲಿಯೂ ಹರಡಬಲ್ಲದು. ಹೀಗೆ ನೆಲದಲ್ಲಿ ಹರಡುವ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ ಮತ್ತೊಂದರಿಂದ ಇಳಿಯುವಾಗ ಎರಡು ಕಾಲುಗಳ ನಡುವಣ ಅಂತರ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು; ಒಂದೇ ಮರದ ಕೆಳಗೆ ನಿಂತ ದನಗಳು ಒಟ್ಟೊಟ್ಟಿಗೆ ಸಾಯುವುದಕ್ಕೆ ಮುಂಗಾಲಿಗೂ ಹಿಂಗಾಲಿಗೂ ನಡುವೆ ಇರುವ ದೂರವೇ ಮುಖ್ಯ ಕಾರಣ.

ಮಿಂಚು ಕಂಡ ಗಳಿಗೆಯಿಂದ ಗುಡುಗು ಕೇಳುವವರೆಗೆ ಎಣಿಸಿದಾಗ ಪ್ರತಿ ಮೂರು ಸೆಕೆಂಡಿಗೆ ಸಿಡಿಲಿನ ದೂರ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಎಣಿಕೆ ಮೂವತ್ತನ್ನು ಮುಟ್ಟುವ ಮೊದಲೇ ಗುಡುಗು ಕೇಳಿದರೆ ಕೆಲಸ ಬಿಟ್ಟು ಗಟ್ಟಿ ಕಟ್ಟಡವನ್ನೋ ಲೋಹದ ಮೈಯಿರುವ ಮುಚ್ಚಿದ ವಾಹನವನ್ನೋ ಸೇರಬೇಕು, ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು. ಯಾವ ಆಸರೆಯೂ ಸಿಗದಿದ್ದಲ್ಲಿ ಮರ, ತಂತಿ ಬೇಲಿ, ಪಂಪ್‌ಸೆಟ್ಟಿನ ಕಂಬ ಇವುಗಳಿಂದ ದೂರ ಸರಿದು, ಒಬ್ಬರಿಗೊಬ್ಬರು ಅಂತರ ಬಿಟ್ಟು, ಎರಡು ಪಾದ ಜೋಡಿಸಿ ಕುಕ್ಕರುಗಾಲಿನಲ್ಲಿ ಕೂರಬೇಕು, ಮಲಗಬಾರದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆಂಬ ಭಯದಿಂದ ಮುಟ್ಟಲು ಹಿಂಜರಿಯುವುದರಿಂದಲೇ ಉಳಿಯಬಹುದಾದ ಕೆಲವು ಜೀವಗಳು ಹೋಗುತ್ತವೆ; ಅವರನ್ನು ಕೂಡಲೇ ಮುಟ್ಟಬಹುದು, ಉಸಿರೂ ನಾಡಿಯೂ ನಿಂತಿದ್ದರೆ ಎದೆಯ ನಡುವೆ ಒತ್ತುತ್ತ 108ಕ್ಕೆ ಕರೆ ಮಾಡಬೇಕು. ನಾಟಿಯ ಆಳುಗಳು ನಸುಕಿನಲ್ಲಿಯೇ ಹೊಲಕ್ಕಿಳಿದು ಮಧ್ಯಾಹ್ನ ಎರಡಕ್ಕೆ ಹತ್ತುವಂತೆ ಕೂಲಿಯ ಹೊತ್ತನ್ನು ಬದಲಿಸುವುದು ಸಂಘದ ಒಂದು ನಿರ್ಣಯದಿಂದ ಆಗುವ ಕೆಲಸ. ಕೂಲಿ ಕೊಡುವವರೂ ಪಡೆಯುವವರೂ ಅನೇಕ ಸಲ ಅದೇ ಸಂಘದಲ್ಲಿ ಕುಳಿತಿರುತ್ತಾರೆ.

ಮುನ್ಸೂಚನೆಗೆ ಈಗ ಕೊರತೆಯಿಲ್ಲ. ಭಾರತೀಯ ಹವಾಮಾನ ಇಲಾಖೆ ಜಿಲ್ಲಾವಾರು ಮೂರು ಗಂಟೆಗಳ ಮುನ್ಸೂಚನೆ ಕೊಡುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಸುತ್ತಮುತ್ತ ಬೀಳುತ್ತಿರುವ ಸಿಡಿಲನ್ನು ತೋರಿಸುತ್ತದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ, ಅಂದರೆ 92433 45433ಕ್ಕೆ, ಕರೆ ಮಾಡಿ ತಮ್ಮ ಊರಿನ ಮಳೆಗಾಳಿಯ ಸ್ಥಿತಿಯನ್ನು ಕನ್ನಡದಲ್ಲಿಯೇ ಕೇಳಬಹುದು. ಸ್ಮಾರ್ಟ್‌ಫೋನು ಮಾತ್ರ ಎಷ್ಟೋ ಮನೆಗಳಲ್ಲಿ ಮಗನ ಕೈಯಲ್ಲಿರುತ್ತದೆ, ಮಗ ಮೈಸೂರಿನಲ್ಲಿರುತ್ತಾನೆ. ಆದ್ದರಿಂದ ಪ್ರತಿ ಸಂಘದಲ್ಲಿ ಮಧ್ಯಾಹ್ನದ ಹೊತ್ತು ಊರಿನಲ್ಲಿಯೇ ಇರುವ, ಫೋನು ತನ್ನದೇ ಆಗಿರುವ ಇಬ್ಬರನ್ನು ಮುನ್ಸೂಚನೆ ನೋಡಿ ಊರಿಗೆ ತಿಳಿಸುವ ಕೆಲಸಕ್ಕೆ ಗೊತ್ತುಮಾಡಬೇಕು.

ಗಾಳಿ ನಿಂತ ಮೇಲಿನ ಕಷ್ಟ ಕತ್ತಲಿನದು. ಕಂಬಗಳು ಸಾಲಾಗಿ ಉರುಳಿದರೆ ವಿದ್ಯುತ್ತು ಮರಳಲು ಎರಡು ಮೂರು ದಿನ ಹಿಡಿಯುತ್ತದೆ, ಕಾಡಂಚಿನ ಊರಿಗೆ ಅದಕ್ಕೂ ಹೆಚ್ಚು. ವಿದ್ಯುತ್ತಿಲ್ಲದಿದ್ದರೆ ಕೊಳವೆಬಾವಿಯ ಪಂಪು ನಿಲ್ಲುತ್ತದೆ, ತೊಂಬೆ ಬರಿದಾಗುತ್ತದೆ, ಗಿರಣಿ ತಿರುಗುವುದಿಲ್ಲ. ಮನೆಯಲ್ಲಿ ಎರಡು ಮೂಟೆ ರಾಗಿಯಿದ್ದು ಹಿಟ್ಟಿಲ್ಲದ ಕಾರಣ ಮುದ್ದೆ ಬೇಯದ ಸ್ಥಿತಿ ಬರುವುದು ಹೀಗೆ. ಬೀಸುವ ಕಲ್ಲು ಎಷ್ಟೋ ಮನೆಗಳಲ್ಲಿ ಹಿತ್ತಲ ಮೂಲೆ ಸೇರಿ ದಶಕಗಳಾಗಿವೆ. ಏಪ್ರಿಲ್ ಮೇ ತಿಂಗಳಲ್ಲಿ ಒಂದು ವಾರಕ್ಕೆ ಸಾಲುವಷ್ಟು ಹಿಟ್ಟನ್ನು ಯಾವಾಗಲೂ ಬೀಸಿಸಿಟ್ಟಿರುವುದು, ಮನೆಮಂದಿಗೆ ತಲಾ ದಿನಕ್ಕೆ ಮೂರು ಲೀಟರಿನಂತೆ ಕುಡಿಯುವ ನೀರನ್ನೂ ದನಗಳಿಗೆ ಬೇರೆ ನೀರನ್ನೂ ಮುಚ್ಚಿದ ಪಾತ್ರೆಗಳಲ್ಲಿ ತುಂಬಿಡುವುದು, ಬ್ಯಾಟರಿಯನ್ನೂ ಫೋನನ್ನೂ ಮಧ್ಯಾಹ್ನವೇ ಚಾರ್ಜು ಮಾಡಿಡುವುದು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ತೀರುವ ಮೊದಲೇ ತರಿಸುವುದು ಇವಕ್ಕೆ ಹಣ ಹೆಚ್ಚು ಬೇಕಾಗುವುದಿಲ್ಲ. ಪಡಿತರ ಚೀಟಿ, ಆಧಾರ್, ಪಾಸ್‌ಬುಕ್ಕು, ಪಹಣಿ, ಮನೆಯ ಇ-ಸ್ವತ್ತಿನ ನಮೂನೆ ಇವೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೇ ಡಬ್ಬದಲ್ಲಿರಬೇಕು. ಅವು ತಗಡಿನ ಮಾಡಿನ ಅಡ್ಡೆಗೆ ಸಿಕ್ಕಿಸಿದ ಚೀಲದಲ್ಲಿದ್ದರೆ ಮಾಡಿನೊಂದಿಗೇ ಹೋಗುತ್ತವೆ.

ಕಡಿದು ಬಿದ್ದ ತಂತಿಯ ವಿಷಯದಲ್ಲಿ ಒಂದೇ ಮಾತು: ಊರಿನಲ್ಲಿ ದೀಪವಿಲ್ಲದಿರುವುದು ತಂತಿಯಲ್ಲಿ ವಿದ್ಯುತ್ತಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಪಂಪ್‌ಸೆಟ್ಟಿನ ಲೈನೂ ಮನೆಯ ಲೈನೂ ಬೇರೆ ಬೇರೆಯಾಗಿರುವ ಕಡೆ ಒಂದು ಸತ್ತಿದ್ದಾಗ ಮತ್ತೊಂದು ಜೀವಂತವಾಗಿರುತ್ತದೆ, ಲೈನ್‌ಮನ್ ದುರಸ್ತಿಯ ನಡುವೆ ಪರೀಕ್ಷೆಗೆಂದು ವಿದ್ಯುತ್ತು ಹರಿಸುವುದೂ ಉಂಟು. ಬೆಳಗಿನ ಜಾವ ದನ ಬಿಡುವ ಮೊದಲು ದಾರಿಯನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ, ತಂತಿ ಕಂಡರೆ ಒದ್ದೆ ನೆಲದಲ್ಲಿ ಹತ್ತಿರ ಹೋಗದೆ ಚೆಸ್ಕಾಂನ 1912ಕ್ಕೆ ತಿಳಿಸಬೇಕು.

ನಾಗರಹೊಳೆ ಮತ್ತು ಬಂಡೀಪುರದ ಅಂಚಿನ ಹುಣಸೂರು, ಹೆಗ್ಗಡದೇವನಕೋಟೆ, ಸರಗೂರು ಭಾಗಗಳಲ್ಲಿ ಈ ಕತ್ತಲಿಗೆ ಇನ್ನೊಂದು ಮುಖವಿದೆ. ಬಿದ್ದ ಕೊಂಬೆ ಸೌರ ಬೇಲಿಯ ತಂತಿಯನ್ನು ನೆಲಕ್ಕೆ ಮುಟ್ಟಿಸಿದೊಡನೆ ಬೇಲಿ ನಿಷ್ಪ್ರಯೋಜಕವಾಗುತ್ತದೆ, ಅದೇ ಹಲಸು ಹಣ್ಣಾಗುವ ಕಾಲವೂ ಆಗಿರುವುದರಿಂದ ಆನೆ ಊರಿನೊಳಗೆ ಬರುವುದು ಇಂಥ ರಾತ್ರಿಗಳಲ್ಲಿಯೇ. ಹಾರಿದ ಶೀಟನ್ನು ಹುಡುಕಿಕೊಂಡು ಆ ರಾತ್ರಿ ಯಾರೂ ಹೊರಗೆ ಹೋಗಬಾರದು. ಹಾಡಿಗಳಲ್ಲಿ ವಾಸವಾಗಿರುವ ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳ ಸ್ಥಿತಿ ಬೇರೆಯೇ: ಬಿದಿರಿನ ತಟ್ಟಿ, ಪ್ಲಾಸ್ಟಿಕ್ ಹಾಳೆಯ ಗುಡಿಸಲಿಗೆ ಯಾವ ಕೊಕ್ಕೆಯೂ ನೆರವಾಗದು, ಸಿಡಿಲಿನಿಂದಲೂ ಅದು ಕಾಪಾಡದು. ಅಲ್ಲಿಗೆ ಬೇಕಾದುದು ಗಾಳಿಯ ಸಂಜೆ ಬೀಗ ತೆಗೆದಿರುವ ಒಂದು ಅಂಗನವಾಡಿ ಅಥವಾ ಆಶ್ರಮಶಾಲೆಯ ಕೋಣೆ ಮತ್ತು ಅದರ ಬೀಗದ ಕೈ ಹಾಡಿಯವರೊಬ್ಬರ ಬಳಿಯೇ ಇರುವ ವ್ಯವಸ್ಥೆ.

ಆಗಸ್ಟಿನ ಜಡಿಮಳೆಯ ವಿಚಾರ ಈ ಪತ್ರದ ವ್ಯಾಪ್ತಿಗೆ ಪೂರ್ತಿ ಸೇರುವುದಿಲ್ಲ. ಆದರೆ 2019ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಸುರಿದ ಮಳೆಗೆ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರು ಸೀಮೆಯಲ್ಲಿ ಆದ ಹಾನಿಯನ್ನು ನೆನೆದರೆ, ಬೇಸಿಗೆಯಲ್ಲಿ ಗಾಳಿಗೆ ಮಾಡು ಸಡಿಲಗೊಂಡ ಮಣ್ಣಿನ ಮನೆಯೇ ಆಗಸ್ಟಿನಲ್ಲಿ ನೀರು ಕುಡಿದು ಕುಸಿಯುವ ಮನೆಯೆಂಬುದನ್ನು ಗುರುತಿಸಬೇಕಾಗುತ್ತದೆ. ಗೋಡೆಯ ಬುಡ ಉಬ್ಬಿದರೆ, ಹೊಸ ಬಿರುಕಿನಲ್ಲಿ ಬೆರಳು ತೂರುವಂತಾದರೆ, ಆ ರಾತ್ರಿ ಅಲ್ಲಿ ಮಲಗಬಾರದು. ಚಂಡಮಾರುತದ ಬಾಲವೂ ಒಮ್ಮೊಮ್ಮೆ ಇಲ್ಲಿಗೆ ತಾಕುತ್ತದೆ: 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ದುರ್ಬಲಗೊಂಡು ಪಶ್ಚಿಮಕ್ಕೆ ಸಾಗುವಾಗ ಡಿಸೆಂಬರಿನ ಮೊದಲ ದಿನಗಳಲ್ಲಿ ಮೈಸೂರು ಸೀಮೆಗೂ ಮಳೆ ತಂದಿತು, ಅದು ರಾಗಿಯ ಕುಯಿಲು, ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಭತ್ತದ ಒಕ್ಕಣೆ ನಡೆಯುವ ಕಾಲ. ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂಬ ಸುದ್ದಿ ಬಂದಾಗ ಮದ್ರಾಸಿನ ಕಡೆಯ ಮಾತೆಂದು ಕೈಬಿಡದಿದ್ದರೆ, ಕುಯ್ದುದನ್ನು ಮೆದೆ ಹಾಕಿ ಮುಚ್ಚುವುದಕ್ಕೆ ಎರಡು ದಿನವಾದರೂ ಸಿಗುತ್ತದೆ.

ಕೊನೆಯದಾಗಿ ಹಣದ ವಿಚಾರ. ರಾಜ್ಯ ವಿಪತ್ತು ಪರಿಹಾರ ನಿಧಿ ಬಳಸುವುದಕ್ಕೆ ಕೇಂದ್ರ ನಿಗದಿಪಡಿಸಿದ 2022-26ರ ಮಾನದಂಡದಲ್ಲಿ ಚಂಡಮಾರುತ, ಆಲಿಕಲ್ಲು ಮಳೆ ಮೊದಲಾದ ಹನ್ನೆರಡು ವಿಪತ್ತುಗಳ ಪಟ್ಟಿಯಿತ್ತು. ಸಿಡಿಲೂ ಸಾಧಾರಣ ಬಿರುಗಾಳಿಯೂ ಅದರಲ್ಲಿರಲಿಲ್ಲ, ರಾಜ್ಯಗಳು ಅವನ್ನು ಸ್ಥಳೀಯ ವಿಪತ್ತೆಂದು ಘೋಷಿಸಿ ನಿಧಿಯ ಶೇಕಡ 10ರ ಮಿತಿಯೊಳಗೆ ನೆರವು ಕೊಡಬಹುದಿತ್ತು. ಅದೇ ಮಾನದಂಡದಂತೆ ಪೂರ್ಣ ಬಿದ್ದ ಮನೆಗೆ ಬಯಲು ಸೀಮೆಯಲ್ಲಿ 1,20,000 ರೂಪಾಯಿ, ಕರೆಯುವ ಹಸು ಎಮ್ಮೆಗೆ 37,500 ಇತ್ತು. ಆದರೆ ಗಾಳಿ ಸಾಮಾನ್ಯವಾಗಿ ಮಾಡುವ ಭಾಗಶಃ ಹಾನಿಗೆ, ಅದೂ ಶೇಕಡ 15ಕ್ಕಿಂತ ಕಡಿಮೆಯಿರದಿದ್ದರೆ, ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ದನದ ಕೊಟ್ಟಿಗೆಗೆ 3,000 ಮಾತ್ರ ಇತ್ತು. ರಾಜ್ಯ ಸರ್ಕಾರ ಇದಕ್ಕೆ ಆಗಾಗ ತನ್ನ ಪಾಲು ಸೇರಿಸುತ್ತದಾದರೂ ಇಂಥ ಮೊತ್ತದಿಂದ ಮಾಡು ಮತ್ತೆ ಏಳದು. ಪರಿಹಾರವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಹಾರಿದ ಶೀಟನ್ನು ಸರಿಸುವ ಮೊದಲು ನಾಲ್ಕು ದಿಕ್ಕಿನಿಂದ ಚಿತ್ರ ತೆಗೆದು, ಆ ದಿನವೇ ಗ್ರಾಮ ಆಡಳಿತ ಅಧಿಕಾರಿಗೂ ಪಂಚಾಯಿತಿಗೂ ಬರಹದಲ್ಲಿ ತಿಳಿಸಿ, ಸತ್ತ ದನವನ್ನು ಪಶುವೈದ್ಯರ ಪರೀಕ್ಷೆಗೆ ಮುನ್ನ ಹೂಳದೆ, ಕಿವಿಯೋಲೆಯ ಹನ್ನೆರಡು ಅಂಕಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಅರ್ಜಿ ನಿಲ್ಲುತ್ತದೆ.

ಸಂಘಗಳ ಸಾಲದ ಪುಸ್ತಕಗಳಲ್ಲಿ ಹಸು, ಹೊಲಿಗೆ ಯಂತ್ರ, ಮದುವೆ, ಆಸ್ಪತ್ರೆ ಎಲ್ಲಕ್ಕೂ ಕಾರಣದ ಕಲಮಿನಲ್ಲಿ ಜಾಗವಿದೆ. ಹಾರಿಹೋದ ಶೀಟನ್ನು ಮತ್ತೆ ಕೊಳ್ಳುವುದಕ್ಕೂ ಸಾಲ ಸಿಗುತ್ತದೆ. ಇರುವ ಶೀಟಿಗೆ ಕೊಕ್ಕೆ, ತಂತಿ, ಸರಳು ಹಾಕಿಸುವುದಕ್ಕೆ ಸಾಲ ಪಡೆದ ದಾಖಲೆ ಮಾತ್ರ ಅಪರೂಪ, ಆ ಮೊತ್ತ ಹೊಸ ಮಾಡಿನ ಬೆಲೆಯ ಒಂದು ಸಣ್ಣ ಪಾಲಾದರೂ ಕೂಡ. ಹೊಗೆಸೊಪ್ಪಿನ ಹರಾಜು ಪಿರಿಯಾಪಟ್ಟಣ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ, ಹೆಗ್ಗಡದೇವನಕೋಟೆ ಮಾರುಕಟ್ಟೆಗಳಲ್ಲಿ ಬೇಸಿಗೆಗೆ ಮುನ್ನ ಮುಗಿಯುವುದರಿಂದ ಮನೆಗಳಲ್ಲಿ ಒಂದಿಷ್ಟು ಹಣ ಓಡಾಡುವುದೂ ಆಗಲೇ. ಫೆಬ್ರುವರಿಯ ಒಂದು ವಾರದ ಸಭೆಯ ನಂತರ ಸದಸ್ಯೆಯರು ಇಬ್ಬಿಬ್ಬರಾಗಿ ಊರು ಸುತ್ತಿ, ಕಲ್ಲು ಹೊತ್ತ ಮಾಡುಗಳನ್ನೂ ಕೊಕ್ಕೆಯಿಲ್ಲದ ಅಂಚುಗಳನ್ನೂ ಪಟ್ಟಿ ಮಾಡಿ, ಒಂಟಿ ಹೆಂಗಸರ ಮತ್ತು ವೃದ್ಧರ ಮನೆಗಳನ್ನು ಮೊದಲಿಗಿಟ್ಟು, ಕೊಕ್ಕೆಗಳನ್ನು ಹುಣಸೂರಿನಿಂದಲೋ ಪಿರಿಯಾಪಟ್ಟಣದಿಂದಲೋ ಸಗಟಿನಲ್ಲಿ ತರಿಸಿ, ಬಡಗಿಯನ್ನೋ ವೆಲ್ಡಿಂಗಿನವರನ್ನೋ ಒಂದು ವಾರಕ್ಕೆ ಊರಿಗೇ ಗೊತ್ತುಮಾಡಿಕೊಂಡರೆ, ಭರಣಿ ಹುಟ್ಟುವ ಮುನ್ನ ಒಂದು ಬೀದಿಯಾದರೂ ಮುಗಿದಿರುತ್ತದೆ. ಉಳಿದ ಬೀದಿಗಳನ್ನು ಮುಂದಿನ ವರ್ಷಕ್ಕೆ ಬಿಡುವುದಾದರೆ ಆ ಪಟ್ಟಿಯನ್ನು ಸಂಘದ ನಡವಳಿ ಪುಸ್ತಕದಲ್ಲಿಯೇ ಬರೆದಿಡತಕ್ಕದ್ದು.

ಇತಿ,
ಹಿತೈಷಿ